ಹೊಳಲ್ಕೆರೆಯ ಬೇಲಿ ಸಾಲಿನ ಔಷಧದಂಗಡಿ

ಚಿತ್ರದುರ್ಗದಲ್ಲಿ ಶಿವಮೊಗ್ಗದ ಬಸ್ಸು ಹತ್ತಿದರೆ ಗಂಟೆಯೊಳಗೆ ಹೊಳಲ್ಕೆರೆ ಬರುತ್ತದೆ. ದುರ್ಗದ ಕೋಟೆ ನೋಡಲು ಬಂದವರು ಸಾಮಾನ್ಯವಾಗಿ ಇಲ್ಲಿ ಇಳಿಯುವುದಿಲ್ಲ. ನೀವು ಇಳಿಯಿರಿ. ಪೇಟೆ ದಾಟಿ ಯಾವುದಾದರೊಂದು ಹಳ್ಳಿಯ ಕಾಲುದಾರಿ ಹಿಡಿಯಿರಿ. ಒಂದು ಕಡೆ ಅಡಿಕೆ ತೋಟ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ, ನಡುನಡುವೆ ಕಲ್ಲುಗುಡ್ಡದ ಬರಡು ನೆಲ. ಆ ಬರಡು ನೆಲವನ್ನೂ ಹೊಲದ ಬೇಲಿಯನ್ನೂ ನಿಮಗೆ ತೋರಿಸಬೇಕೆಂದೇ ಇಷ್ಟು ದೂರ ಕರೆತಂದಿದ್ದೇನೆ.

ಮೊದಲು ಕಣ್ಣಿಗೆ ಬೀಳುವುದು ಹಳದಿ ಹೂವಿನ ತಂಗಡಿ. ನಮ್ಮ ಮನೆಗಳ ಉರ್ದುವಿನಲ್ಲಿ ತರ್ವಡ್. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ತೆಲಂಗಾಣ ಇದನ್ನು ರಾಜ್ಯದ ಹೂವಾಗಿ ಆರಿಸಿಕೊಂಡಿದೆ. ನಮ್ಮಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಒಣಗಿದ ಹೂವಿನ ಕಷಾಯವನ್ನು ಸಕ್ಕರೆ ಕಾಯಿಲೆಯವರು ಕುಡಿಯುವುದುಂಟು. ಕುಡಿಯುವುದಾದರೆ ವೈದ್ಯರಿಗೆ ತಿಳಿಸಿ ಕುಡಿಯಬೇಕು, ಮಾತ್ರೆ ಬಿಟ್ಟು ಕುಡಿಯಬಾರದು.

ಅದರ ಪಕ್ಕದಲ್ಲೇ ಲಕ್ಕಿ. ಕೈಬೆರಳು ಹರಡಿದಂತಹ ಎಲೆ, ತಿಳಿ ನೇರಳೆ ಬಣ್ಣದ ಹೂ. ಸಂಭಾಲು ಎಂದರೆ ನಿಮ್ಮ ದಾದಿಗೆ ಥಟ್ಟನೆ ಗೊತ್ತಾಗುತ್ತದೆ. ಬಾಣಂತಿಯ ಸ್ನಾನದ ಹಂಡೆಗೆ ಈ ಸೊಪ್ಪು ಬೀಳದ ಮನೆ ಈ ಸೀಮೆಯಲ್ಲಿ ಕಡಿಮೆ; ಅದರಲ್ಲಿ ಜಾತಿ ಮತದ ಭೇದವಿಲ್ಲ. ಊದಿದ ಮಂಡಿಗೆ ಬಿಸಿ ಮಾಡಿ ಕಟ್ಟುತ್ತಾರೆ, ನೆಗಡಿಗೆ ಹಬೆ ಹಿಡಿಯುತ್ತಾರೆ, ಹುಳು ಬೀಳದಿರಲೆಂದು ಕಾಳಿನ ಡಬ್ಬಿಯಲ್ಲೂ ಹಾಕುತ್ತಾರೆ.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಆಡುಸೋಗೆಯನ್ನು ಮಾತ್ರ ಆಡುಗಳೂ ಸಾಮಾನ್ಯವಾಗಿ ಬಾಯಿಗೆ ಹಾಕುವುದಿಲ್ಲ. ಅಷ್ಟು ಕಹಿ. ಅದಕ್ಕೇ ಬೇಲಿಗೆ ನೆಡುತ್ತಾರೆ. ಇದರ ಎಲೆಯ ರಸ ಜೇನಿನೊಂದಿಗೆ ಕೆಮ್ಮಿಗೆ ಹಳೆಯ ಮದ್ದು. ಎಲೆಯಲ್ಲಿರುವ ವಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್, ಆಮೇಲೆ ಆಂಬ್ರೋಕ್ಸಾಲ್ ಎಂಬ ಕಫ ಸಡಿಲಿಸುವ ಔಷಧಗಳನ್ನು ತಯಾರಿಸಿದರು. ನಿಮ್ಮ ಮನೆಯ ಕೆಮ್ಮಿನ ಸಿರಪ್ಪಿನ ಬಾಟಲಿ ತಿರುಗಿಸಿ ಓದಿ, ಎರಡರಲ್ಲಿ ಒಂದು ಹೆಸರು ಸಿಕ್ಕರೂ ಸಿಗಬಹುದು. ಆದರೆ ಗರ್ಭಿಣಿಯರು ಆಡುಸೋಗೆ ಸೇವಿಸಬಾರದು. ಗರ್ಭಕೋಶವನ್ನು ಸಂಕುಚಿಸುವ ಗುಣ ಅದಕ್ಕಿದೆ.

ಇಲ್ಲಿ ಒಂದು ಮಾತು. ಆಯುರ್ವೇದ ಅವರದು, ಯುನಾನಿ ನಮ್ಮದು ಎಂದು ಗೆರೆ ಎಳೆಯುವವರು ಎರಡೂ ಕಡೆ ಇದ್ದಾರೆ. ಹಕೀಮರು ಕೊಡುವ ಇತ್ರೀಫಲ್ ಎಂಬ ಹೆಸರು ಬಂದದ್ದು ತ್ರಿಫಲದಿಂದ. ನೆಲ್ಲಿ, ಅಳಲೆ, ತಾರೆ ಎಂಬ ಅದೇ ಮೂರು ಕಾಯಿಗಳು ಅಲ್ಲಿ ಆಮ್ಲಾ, ಹಲೀಲಾ, ಬಲೀಲಾ ಆಗಿವೆ. ಸುಮಾರು 850ರಲ್ಲಿ ಅಲೀ ಇಬ್ನ್ ಸಹ್ಲ್ ತಬರಿ ಅರಬಿಯಲ್ಲಿ ಬರೆದ ಫಿರ್ದೌಸುಲ್ ಹಿಕ್ಮಾ ಎಂಬ ವೈದ್ಯಗ್ರಂಥದ ಕೊನೆಯ ಭಾಗ ಇರುವುದೇ ಭಾರತದ ವೈದ್ಯದ ಬಗ್ಗೆ. ಚರಕ, ಸುಶ್ರುತರು ಆಗಲೇ ಅಲ್ಲಿಗೆ ತಲುಪಿದ್ದರು.

ಇನ್ನು ಕಾಲ ಕೆಳಗೆ ನೋಡಿ. ಹುಣಸೆಯಂತಹ ಪುಟ್ಟ ಎಲೆ, ಎಲೆಗಳ ಅಡಿಗೆ ಸಾಲಾಗಿ ಪೋಣಿಸಿದಂತೆ ಸಾಸಿವೆ ಗಾತ್ರದ ಕಾಯಿ. ಇದು ನೆಲನೆಲ್ಲಿ, ಕಾಮಾಲೆಯ ಮದ್ದು. ಯಾರಿಗಾದರೂ ಕಣ್ಣು ಹಳದಿಯಾದರೆ ಈ ಕಡೆ ಮೊದಲು ಹುಡುಕುವುದು ಇದನ್ನೇ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಚೆನ್ನೈನ ಎಸ್. ಪಿ. ತ್ಯಾಗರಾಜನ್ ಮತ್ತು ಹೆಪಟೈಟಿಸ್ ಬಿ ವೈರಾಣುವನ್ನು ಪತ್ತೆ ಹಚ್ಚಿ ನೊಬೆಲ್ ಪಡೆದಿದ್ದ ಬರೂಕ್ ಬ್ಲಂಬರ್ಗ್ ಮುಂತಾದವರು ಈ ಗಿಡದ ಬಗ್ಗೆ ಆಶಾದಾಯಕ ವರದಿ ಪ್ರಕಟಿಸಿದಾಗ ಜಗತ್ತೇ ಕಿವಿ ನಿಮಿರಿಸಿತ್ತು. ಆದರೆ ಆಮೇಲೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಅದೇ ಫಲ ಕಾಣಲಿಲ್ಲ.

ಹಾಗಾದರೆ ನಮ್ಮೂರಲ್ಲಿ ಗುಣವಾದವರು? ಸಹೋದರಿಯರೇ, ಇದನ್ನು ಸ್ವಲ್ಪ ಗಮನವಿಟ್ಟು ಓದಿ. ಕಾಮಾಲೆ ಒಂದೇ ರೋಗವಲ್ಲ, ಹಲವು ರೋಗಗಳ ಲಕ್ಷಣ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮಕ್ಕಳಲ್ಲಿ ಹೆಚ್ಚಾಗಿ ಪಥ್ಯ, ವಿಶ್ರಾಂತಿಯಿಂದಲೇ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಆಗ ಯಾವ ಸೊಪ್ಪು ಕೊಟ್ಟಿದ್ದರೂ ಹೆಸರು ಆ ಸೊಪ್ಪಿಗೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡಿದ್ದರೆ ಸೊಪ್ಪು ಏನು ಮಾಡೀತು? ಹೆಪಟೈಟಿಸ್ ಇ ಅಂತೂ ದಿನ ತುಂಬುತ್ತಿರುವ ಗರ್ಭಿಣಿಯರ ಜೀವವನ್ನೇ ತೆಗೆಯಬಲ್ಲದು. ಮನೆಯ ಸೊಸೆಯ ಕಣ್ಣು ಹಳದಿಯಾದಾಗ ಮಂಗಳವಾರ ಇಲ್ಲವೇ ಶುಕ್ರವಾರ ಮಾತ್ರ ಮದ್ದು ಕೊಡುವವರ ಬಾಗಿಲಲ್ಲಿ ಮೂರು ದಿನ ಕಾಯುವುದು ಬೇಡ. ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಯಾವ ಕಾಮಾಲೆ ಎಂದು ತಿಳಿದ ಮೇಲೆ ವೈದ್ಯರನ್ನು ಕೇಳಿ ಮಜ್ಜಿಗೆಯಲ್ಲಿ ನೆಲನೆಲ್ಲಿ ಕೊಟ್ಟರೆ ನನ್ನ ತಕರಾರಿಲ್ಲ.

ಅಮೃತಬಳ್ಳಿಯ ಕಥೆಯೂ ಹೀಗೆಯೇ. ಕೊರೋನಾ ಕಾಲದಲ್ಲಿ ಇಲ್ಲಿನ ಬೇವಿನ ಮರಗಳ ಮೇಲಿದ್ದ ಬಳ್ಳಿಗಳು ರಾತ್ರೋರಾತ್ರಿ ಮಾಯವಾದವು. 2021ರಲ್ಲಿ ಮುಂಬಯಿಯ ವೈದ್ಯರು ಇದನ್ನು ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದುದನ್ನು ವರದಿ ಮಾಡಿದರು. ಅವರು ಸೇವಿಸಿದ್ದು ಅಮೃತಬಳ್ಳಿಯೇ ಹೌದೇ ಎಂದು ಪರೀಕ್ಷಿಸಿಲ್ಲ ಎಂಬುದು ಆಯುಷ್ ಸಚಿವಾಲಯದ ಆಕ್ಷೇಪ. ವಾದ ಅವರಿಗಿರಲಿ. ಅದೇ ರೂಪದ ಬೇರೆ ಬಳ್ಳಿಯೂ ಉಂಟು ಎಂಬುದಂತೂ ನಿಜ. ಗುರುತಿಲ್ಲದವರು ಕೀಳಬಾರದು, ಗುರುತಿದ್ದವರೂ ತಿಂಗಳಾನುಗಟ್ಟಲೆ ಕುಡಿಯಬಾರದು.

ಗುರುತಿದ್ದರೂ ಈಗ ಇನ್ನೊಂದು ಅಪಾಯವಿದೆ. ಅಡಿಕೆ ತೋಟಗಳಿಗೆ ಕಳೆನಾಶಕ ಹೊಡೆಯುತ್ತಾರೆ. ತೋಟದವರಿಗೆ ಒಂದೆಲಗವೂ ಕಳೆ, ನೆಲನೆಲ್ಲಿಯೂ ಕಳೆ. ಔಷಧಿ ಹೊಡೆದ ಮಾರನೆಯ ದಿನ ಬದುವಿನ ಸೊಪ್ಪು ನೋಡಲು ಹಸಿರಾಗಿಯೇ ಇರುತ್ತದೆ. ತೋಟದವರನ್ನು ಕೇಳದೆ ಒಂದು ಎಲೆಯನ್ನೂ ತರಬೇಡಿ.

ಹೋದ ಸಲ ಲಕ್ಕಿ ಹುಡುಕುತ್ತಾ ಹೋದಾಗ ದನ ಕಾಯುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ. “ಬೇಲಿ ಕಿತ್ತು ತಂತಿ ಎಳೆದವ್ರೆ ಕಣವ್ವ, ಇನ್ನೆಲ್ಲಿ ಲಕ್ಕಿ?” ಎಂದರು. ಮತ್ತೆ ತಾವೇ ಹಳ್ಳದ ಕಡೆ ಇಳಿದುಹೋಗಿ ಹೆಬ್ಬೆರಳು ದಪ್ಪದ ಎರಡು ಕಡ್ಡಿ ಮುರಿದು ತಂದು ಕೊಟ್ಟರು. ಲಕ್ಕಿಗೆ ಬೀಜ ಹುಡುಕಬೇಕಿಲ್ಲ. ಕಡ್ಡಿಯನ್ನು ತಲೆಕೆಳಗು ಮಾಡದೆ ಬಚ್ಚಲ ನೀರು ಹರಿಯುವ ಕಡೆ ಊರಿದರೆ ಸಾಕು, ಮಳೆಗಾಲದಲ್ಲಿ ಬೇಗ ಚಿಗುರುತ್ತದೆ. ಆಡುಸೋಗೆಯೂ ಹೀಗೆಯೇ ಬರುತ್ತದೆ.