ಮೊದಲ ಕೆಮ್ಮು

ಕೊಬ್ಬರಿ ಎಣ್ಣೆ ಬಾಟಲಿಯೊಳಗೆ ಕಲ್ಲಾಗಿ ಕೂತಿತೆಂದರೆ ನಮ್ಮ ಮನೆಯಲ್ಲಿ ಇನ್ನೊಂದು ವಸ್ತುವೂ ಹಠ ಹಿಡಿಯಿತೆಂದೇ ಲೆಕ್ಕ. ಅದು ಕಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗುವ ಮರ ಕುಯ್ಯುವ ಮಿಷನ್. ಪೇಟೆಯವರ ಬಾಯಲ್ಲಿ ಚೈನ್ ಸಾ. ತೀರ್ಥಹಳ್ಳಿ ಸೀಮೆಯ ನಮ್ಮಂಥವರಿಗೆ ಡಿಸೆಂಬರ್ ಎಂದರೆ ಅಡಿಕೆ ಕೊಯ್ಲು, ರಾತ್ರಿಯವರೆಗೆ ಸುಲಿತ, ಬೇಯಿಸುವ ಹಂಡೆಯ ಕೆಳಗೆ ಆರಗೊಡದ ಒಲೆ. ಆ ಒಲೆಗೆ ಸಾಕು ಎಂಬ ಮಾತೇ ಗೊತ್ತಿಲ್ಲ. ಮಳೆಗಾಲದ ಗಾಳಿಗೆ ಬಿದ್ದ ಮಾವಿನ ಮರವೊಂದು ಹಿತ್ತಿಲಲ್ಲಿ ಒಣಗಿ ಕಾದಿರುತ್ತದೆ. ಚೊಗರಿನ ಹಂಡೆಯ ಹತ್ತಿರ ನಿಂತ ನನ್ನವಳು ಕೇಳುತ್ತಾಳೆ: "ರೀ, ಕಟ್ಟಿಗೆ ಈ ವರ್ಷವೇ ಬರ್ತದಾ?"

ನಾನಾದರೋ ಮಂಜಿನಲ್ಲಿ ಒದ್ದೆಯಾದ ಅಂಗಳದಲ್ಲಿ ಮಿಷನ್ನನ್ನು ನೆಲಕ್ಕಿಟ್ಟು, ಚೈನಿನ ಬ್ರೇಕ್ ಹಾಕಿ, ಹಿಂದಿನ ಹಿಡಿಯನ್ನು ಬಲಗಾಲಲ್ಲಿ ಅದುಮಿ, ಚೋಕ್ ಎಳೆದು, ಹಗ್ಗ ಜಗ್ಗುತ್ತಿರುತ್ತೇನೆ. ಬೇರೆಯವರಿಗೆ ಇದು ಪಾಡು. ನನಗೆ, ಸುಳ್ಳೇಕೆ ಹೇಳಲಿ, ಇದು ದಿನದ ಅತ್ಯಂತ ಸುಖದ ಹೊತ್ತು.

ಚಳಿಯಲ್ಲಿ ಪೆಟ್ರೋಲ್ ಸೋಮಾರಿ. ಆವಿಯಾಗಿ ಗಾಳಿಯೊಡನೆ ಬೆರೆಯುವ ಬದಲು ಹನಿಹನಿಯಾಗಿ ತಣ್ಣನೆಯ ಲೋಹಕ್ಕೆ ಅಂಟಿ ಕೂರುತ್ತದೆ. ಬರಿಯ ಗಾಳಿಗೆ ಕಿಡಿ ತಾಗಿ ಏನು ಪ್ರಯೋಜನ? ಅದಕ್ಕೇ ಚೋಕ್. ಗಾಳಿ ಬರುವ ಬಾಯಿಗೆ ಒಂದು ತಗಡಿನ ಬಿಲ್ಲೆ ಅಡ್ಡ ಬಂದು ನಿಲ್ಲುತ್ತದೆ. ಗಾಳಿಗೆ ದಾರಿಯಿಲ್ಲದೆ ಪ್ರತಿ ಎಳೆತಕ್ಕೂ ಪೆಟ್ರೋಲೇ ಹೆಚ್ಚು ಹೀರಿ ಬರುತ್ತದೆ. ಮೂರೋ ನಾಲ್ಕೋ ಎಳೆತಕ್ಕೆ ಒಳಗೆಲ್ಲೋ 'ಬುಫ್' ಎಂದು ಒಂದೇ ಒಂದು ಕೆಮ್ಮು. ಹೊತ್ತಿಕೊಂಡದ್ದು ಉಸಿರಾಡಲು ಗಾಳಿ ಸಾಲದೆ ಅಲ್ಲೇ ಆರಿದ ಸದ್ದು ಅದು. ಆಗ ಚೋಕನ್ನು ಅರ್ಧಕ್ಕೆ ಇಳಿಸಿ ಇನ್ನೆರಡು ಸಲ ಎಳೆದರೆ ಮಿಷನ್ ಏಳುತ್ತದೆ. ಕೆಮ್ಮು ಕೇಳಿಸದೆ ಎಳೆಯುತ್ತಲೇ ಹೋದಿರೋ, ಪ್ಲಗ್ ಪೆಟ್ರೋಲಿನಲ್ಲಿ ಮುಳುಗಿ ಕಿಡಿಯೇ ಸಾಯುತ್ತದೆ.

ಮೊದಮೊದಲು ನಾನು ಹೀಗೆ ಮುಳುಗಿಸಿದ್ದಕ್ಕೆ ಲೆಕ್ಕವಿಲ್ಲ. ಪೇಟೆಯ ರಿಪೇರಿ ಹುಡುಗ ನಗುತ್ತ ಹೇಳಿದ್ದ: "ಮೇಷ್ಟ್ರೇ, ನೀವು ಎಳೀತೀರಿ, ಕಿವಿ ಕೊಡೋದಿಲ್ಲ." ಮೂವತ್ತು ವರ್ಷ ಮಕ್ಕಳಿಗೆ ನಾನು ಹೇಳಿದ ಮಾತು ತಿರುಗಿ ನನಗೇ ಬಂತು.

ಕಳೆದ ಚಳಿಗಾಲದಲ್ಲಿ ಮಾತ್ರ ಎಷ್ಟು ಕಿವಿ ಕೊಟ್ಟರೂ ಕೆಮ್ಮೇ ಬರಲಿಲ್ಲ. ಹತ್ತು, ಹದಿನೈದು, ಇಪ್ಪತ್ತು ಎಳೆತ. ಭುಜ ಬೇಡವೆನ್ನುತ್ತದೆ. ಹೇಗೋ ಒಮ್ಮೆ ಎದ್ದ ಮೇಲೆ ಮಧ್ಯಾಹ್ನದವರೆಗೆ ಹಸುವಿನಷ್ಟು ಸಾಧು.

ಶುರುವಾಯಿತು ನನ್ನ ಪತ್ತೇದಾರಿ. ಒಂದು ಅಡಿಕೆ ಹಾಳೆ ಹಾಸಿ ಸಾಮಾನೆಲ್ಲ ಅದರ ಮೇಲೆ ಜೋಡಿಸಿದೆ. ಬಿದ್ದ ಸ್ಕ್ರೂ ಉರುಳಿ ಹೋಗದಂತೆ ಹಿಡಿಯಲು ಹಾಳೆಯಂಥ ತಟ್ಟೆ ಇನ್ನೊಂದಿಲ್ಲ. ಮೊದಲು ಪ್ಲಗ್. ಮಸಿ ಒರೆಸಿ, ತುದಿಯ ಸಂದನ್ನು ಅರ್ಧ ಮಿಲಿಮೀಟರಿಗೆ ತಂದೆ. ಆಮೇಲೆ ಪೆಟ್ರೋಲ್. ಈಗಿನದರಲ್ಲಿ ಶೇ. 20ರಷ್ಟು ಎಥೆನಾಲ್, ಅದಕ್ಕೆ ನೀರೆಂದರೆ ಪ್ರಾಣ, ಇಟ್ಟಷ್ಟೂ ಪಸೆ ಹೀರುತ್ತದೆ. ಹಳೆಯದನ್ನು ಚೆಲ್ಲಿ, ಲೀಟರಿಗೆ 20 ಮಿಲಿಲೀಟರ್ ಟೂಟಿ ಆಯಿಲ್ ಬೆರೆಸಿ ಹೊಸದು ತುಂಬಿದೆ. ಟ್ಯಾಂಕಿನೊಳಗಿನ ಫಿಲ್ಟರನ್ನು ಕೊಕ್ಕೆ ತಂತಿಯಿಂದ ಎಳೆದು ನೋಡಿದೆ. ಹಗ್ಗದ ಹಿಡಿಯಲ್ಲೇ ಮಿಷನ್ನನ್ನು ಎತ್ತಿ ತೂಗಿದೆ: ದಡಕ್ಕನೆ ಇಳಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದರ್ಥ, ತಡೆತಡೆದು, ಬಾವಿಗೆ ಕೊಡ ಬಿಡುವವರ ಜಾಗ್ರತೆಯಲ್ಲಿ ಇಳಿದರೆ ಕ್ಷೇಮ. ಜಾಗ್ರತೆಯಲ್ಲೇ ಇಳಿಯಿತು. ಎಲ್ಲರೂ ನಿರಪರಾಧಿಗಳು, ಮಿಷನ್ ಮಾತ್ರ ಏಳದು.

ಇಂಥ ಹೊತ್ತಿನಲ್ಲಿ ನನಗೆ ಅಮೆರಿಕದ ಆರೆಗಾನ್‌ನ ಜೋಸೆಫ್ ಕಾಕ್ಸ್ ನೆನಪಾಗುತ್ತಾನೆ. ಮರ ಕಡಿಯುವ ಕಸುಬಿನವನು. ಆ ಕಾಲದ ಚೈನಿನ ಹಲ್ಲುಗಳು ಮರವನ್ನು ಕೆರೆಯುತ್ತಿದ್ದುವು, ಬೇಗ ಮೊಂಡಾಗುತ್ತಿದ್ದುವು. ಒಂದು ದಿನ ಸೌದೆ ಒಡೆಯುತ್ತಿದ್ದವನು ಕೊಡಲಿ ನಿಲ್ಲಿಸಿ, ಮರ ಕೊರೆಯುತ್ತಿದ್ದ ಹುಳವೊಂದನ್ನು ನೋಡುತ್ತ ಕೂತ. ಅದರ ದವಡೆ ಎಡಕ್ಕೂ ಬಲಕ್ಕೂ ಸಲೀಸಾಗಿ ಕತ್ತರಿಸುತ್ತಿತ್ತು. ಅದೇ ಆಕಾರದ ಹಲ್ಲುಗಳ ಚೈನನ್ನು 1947ರಲ್ಲಿ ತಯಾರಿಸಿದ. ಇಂದಿಗೂ ಲೋಕವೆಲ್ಲ ಬಳಸುವುದು ಆ ಜಾತಿಯ ಹಲ್ಲನ್ನೇ. ಕಾಫಿ ತೋಟದವರು ಕಾಂಡಕೊರಕ ಕಂಡರೆ ಶಾಪ ಹಾಕುತ್ತಾರೆ. ಅವನೂ ಹುಳಕ್ಕೆ ಶಾಪ ಹಾಕಿ ಕೊಡಲಿ ಎತ್ತಿದ್ದರೆ?

ನಾನು ಮಾಡುತ್ತಿದ್ದದ್ದು ಅದನ್ನೇ. ಅಂದು ಸಂಜೆ ಮಿಷನ್ ನಿಲ್ಲಿಸಿ ಜಗಲಿಯಲ್ಲಿ ಕಾಫಿ ಕುಡಿದು ಬಂದು ಎಳೆದರೆ ಒಂದೇ ಎಳೆತಕ್ಕೆ ಎದ್ದಿತು. ತಕ್ಷಣ ಆರಿಸಿ, ದಿಮ್ಮಿಯ ಮೇಲೆ ಕೂತುಬಿಟ್ಟೆ. ಬಿಸಿಯಿದ್ದಾಗ ಒಂದೇ ಎಳೆತಕ್ಕೆ ಏಳುವುದಾದರೆ ಕಿಡಿಯೂ ಸರಿ, ಪೆಟ್ರೋಲೂ ಸರಿ. ಈ ಸಂಸಾರದಲ್ಲಿ ಚಳಿಯಲ್ಲಿ ಮಾತ್ರ ಕೆಲಸ ಇರುವವನು ಯಾರು? ಚೋಕ್!

ಮುಚ್ಚಳ ತೆಗೆದು, ಏರ್ ಫಿಲ್ಟರ್ ಬಿಚ್ಚಿ, ಟಾರ್ಚ್ ಹಿಡಿದು ಚೋಕಿನ ಹಿಡಿ ಒತ್ತಿದೆ. ಹಿಡಿ ಪೂರ್ತಿ ಇಳಿಯಿತು. ಒಳಗಿನ ಬಿಲ್ಲೆ ಪೂರ್ತಿ ಮುಚ್ಚಲಿಲ್ಲ. ಅಂಚಿನಲ್ಲಿ ಬಿದಿಗೆ ಚಂದ್ರನಷ್ಟು ಸಂದು. ಮರದ ಹೊಟ್ಟು, ಎಣ್ಣೆ ಸೇರಿ ತಿರುಗಣೆಯ ಬುಡದಲ್ಲಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ವಾರವೆಲ್ಲ ನಾನು ಹಿಡಿಯನ್ನು ನಂಬಿದ್ದೆ, ಬಿಲ್ಲೆಯನ್ನು ನೋಡಿರಲಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಪೆಟ್ರೋಲಿಗೆ ಅದ್ದಿ ಮೆಲ್ಲಗೆ ತಿಕ್ಕಿದೆ. ಕಪ್ಪು ಇಳಿದಂತೆಲ್ಲ ಚಂದ್ರ ಕ್ಷೀಣಿಸುತ್ತ ಬಂದು ಕೊನೆಗೆ ಅಮಾವಾಸ್ಯೆಯಾಯಿತು.

ಆದರೆ ಗೆದ್ದೆನೆಂದು ಹೇಳುವ ಹಾಗಿಲ್ಲ. ಇಂಜಿನ್ ಇನ್ನೂ ಬೆಚ್ಚಗಿತ್ತು. ಪರೀಕ್ಷೆಗೆ ಚಳಿಯೇ ಬೇಕು. ರಾತ್ರಿ ಮೋಡ ಕವಿದಾಗ ಎದೆ ಧಸಕ್ಕೆಂದಿತು. "ಎಲ್ಲರೂ ಚಳಿ ಹೋಗಲಿ ಅಂದ್ರೆ ನೀವೊಬ್ಬರು!" ಎಂದು ಅವಳು ಕಂಬಳಿ ಎಳೆದುಕೊಂಡಳು.

ಬೆಳಿಗ್ಗೆ ಎದ್ದವನೇ ಬಚ್ಚಲ ಗೂಡಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ತಲೆಕೆಳಗು ಮಾಡಿದೆ. ಒಂದು ಹನಿಯೂ ಅಲ್ಲಾಡಲಿಲ್ಲ. ಖುಷಿಯಿಂದ ಅಂಗಳಕ್ಕಿಳಿದೆ. ಒಂದು ಎಳೆತ, ಎರಡು. ಮೂರನೆಯದಕ್ಕೆ, ಮಂಜಿನ ನಡುವೆ, ಚಳಿಗಾಲದಲ್ಲಿ ನಮ್ಮಜ್ಜ ಏಳುವ ಮೊದಲು ಕೆಮ್ಮುತ್ತಿದ್ದ ಹಾಗೆ: ಬುಫ್.