ಅಡ್ಜಸ್ಟ್ ಎಂಬ ಕ್ರಿಯಾಪದ

ಲೋಕರೂಢಿಯಲ್ಲಿ ಬೇರೂರಿದ ಶಬ್ದವನ್ನು ವೈಯಾಕರಣನು ಹೊರದೂಡಲಾರನು. ಅದರ ಅರ್ಥವನ್ನು ವಿಚಾರಿಸುವುದಷ್ಟೇ ಅವನ ಕೆಲಸ. ಇಂಗ್ಲಿಷಿನಿಂದ ಬಂದ 'ಅಡ್ಜಸ್ಟ್' ಎಂಬ ಕ್ರಿಯಾಪದವು ಅಂತಹುದು. ಮೂವರು ಕೂಡುವ ಬಸ್ಸಿನ ಸೀಟಿನ ಬಳಿ ನಾಲ್ಕನೆಯವನು ನಿಂತು "ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದರೆ, ಅಕ್ಷರವರಿಯದ ಮುದುಕಿಯೂ ಸರಿದು ಸ್ಥಳ ಕೊಡುವಳು. ಇಂಗ್ಲೆಂಡಿನವರು ಈ ಸಂದರ್ಭದಲ್ಲಿ ಈ ಪದವನ್ನು ಬಳಸರು. ಅವರಲ್ಲಿ ಗಡಿಯಾರದ ಮುಳ್ಳು, ಕನ್ನಡಕ, ಯಂತ್ರದ ತಿರುಪು, ಲೆಕ್ಕದ ಬಾಕಿ ಮುಂತಾದವನ್ನು ಸರಿಪಡಿಸುವುದಕ್ಕೂ, ಹೊಸ ಪರಿಸ್ಥಿತಿಗೆ ಮನುಷ್ಯನು ಒಗ್ಗಿಕೊಳ್ಳುವುದಕ್ಕೂ ಅದು ಸಲ್ಲುವುದು.

ನ್ಯಾಯವಾಚಕವಾದ 'ಜಸ್ಟ್' ಎಂಬುದೇ ಇದರ ಮೂಲವೆಂದು ಯಾರಿಗಾದರೂ ತೋರುವುದು ಸಹಜ. ಆ ಭ್ರಾಂತಿಯು ಪೂರ್ವಕಾಲದಲ್ಲಿಯೇ ಹುಟ್ಟಿ ಪದದ ರೂಪವನ್ನೂ ಅರ್ಥವನ್ನೂ ತನ್ನತ್ತ ಎಳೆದುಕೊಂಡಿತು. ವಸ್ತುತಃ ಅದು ಹಳೆಯ ಫ್ರೆಂಚಿನ ಮೂಲಕ, 'ಹತ್ತಿರ' ಎಂಬರ್ಥದ ಲ್ಯಾಟಿನ್ 'ಯುಕ್ಸ್ತಾ' ಶಬ್ದದಿಂದ ಬಂದುದು. ಆ ಶಬ್ದದ ಬೇರಾದರೋ ನಮ್ಮ 'ಯುಜ್' ಧಾತುವಿಗೆ ಒಡಹುಟ್ಟು. ಪಾಠಶಾಲೆಯಲ್ಲಿ ಗುರುಗಳ ಮುಂದೆ ಕುಳಿತು ಒಪ್ಪಿಸಿದ ಧಾತುವಿನ ನೆಂಟನೊಬ್ಬನು ಬಸ್ಸಿನ ನೂಕುನುಗ್ಗಲಿನಲ್ಲಿ ಸಿಕ್ಕಿದನೆಂದು ನನಗೆ ಪರಮ ಸಂತೋಷವಾಯಿತು.

ಕೂಡಿಸುವ ಅರ್ಥದ 'ಯುಜ್' ಉಭಯಪದಿಯಾದುದು. ಅಂತಹ ಧಾತುಗಳಲ್ಲಿ ಕ್ರಿಯೆಯ ಫಲವು ಕರ್ತೃವಿಗೇ ಸಲ್ಲುವಾಗ ಆತ್ಮನೇಪದ, ಅನ್ಯರಿಗೆ ಸಲ್ಲುವಾಗ ಪರಸ್ಮೈಪದವೆಂಬುದು ಪಾಣಿನಿಯ ವ್ಯವಸ್ಥೆ. ಕನ್ನಡವು ಈ ಭೇದವನ್ನು 'ಕೊಳ್ಳು' ಎಂಬುದರಿಂದ ಸಾಧಿಸುವುದು: ಅಡಿಗೆ ಮಾಡಿದನು, ಅಡಿಗೆ ಮಾಡಿಕೊಂಡನು.

ನನ್ನ ಮಗಳು ಮದುವೆಯಾಗಿ ಹೊರಟಾಗ ಹಿರಿಯರೆಲ್ಲರೂ ಹರಸಿ, "ಅಡ್ಜಸ್ಟ್ ಮಾಡಿಕೊಂಡು ಹೋಗಮ್ಮ" ಎಂದರು. ಅವಳು ಹಾಗೆಯೇ ನಡೆದಳು. ಊಟದ ಹೊತ್ತನ್ನು ಬದಲಿಸಿದಳು. ನಾಲಗೆಯ ರುಚಿಯನ್ನು ಬದಲಿಸಿದಳು. ಕಡೆಗೆ, ಹತ್ತು ವರ್ಷ ಅಕ್ಕರೆಯಿಂದ ಕಲಿತ ವೀಣೆಯನ್ನೂ ಬಿಟ್ಟಳು. ವರ್ಷದ ಮೇಲೆ ತೌರಿಗೆ ಬಂದವಳು, "ಈ ಮಾತನ್ನು ಅವರಿಗೆ ಯಾರೂ ಹೇಳುವುದಿಲ್ಲವಲ್ಲ, ಅಪ್ಪ?" ಎಂದು ಮೆಲ್ಲನೆ ಕೇಳಿದಳು.

ಮಾತು ಆತ್ಮನೇಪದದ್ದು, ಫಲವೆಲ್ಲ ಪರಸ್ಮೈಪದದ್ದು! ಇಂತಹ ಪ್ರಯೋಗವನ್ನು ಯಾವ ವ್ಯಾಕರಣವು ಸಾಧುವೆಂದೀತು? ನೊಗವೆಂಬರ್ಥದ 'ಯುಗ'ವೂ ಇದೇ ಧಾತುವಿನಿಂದ ಹುಟ್ಟಿದುದು. ಜೋಡೆತ್ತುಗಳಲ್ಲಿ ಒಂದೇ ಕತ್ತು ಬಗ್ಗಿಸಿದರೆ ಬಂಡಿ ನೆಟ್ಟಗೆ ಸಾಗದೆಂಬುದನ್ನು ನಮ್ಮ ಒಕ್ಕಲಿಗರು ಶಾಸ್ತ್ರವನ್ನೋದದೆಯೇ ಬಲ್ಲರು.

ಮಗಳು ಹಿಂದಿರುಗುವಾಗ ವೀಣೆಯನ್ನು ಹಿಡಿದು ನಾನೂ ಜೊತೆಯಲ್ಲಿ ಹೋದೆನು. ವ್ಯಾಕರಣವನ್ನೇನೂ ಹೇಳಲಿಲ್ಲ, "ಇದಕ್ಕೆ ಸ್ವಲ್ಪ ಅಡ್ಜಸ್ಟ್ ಮಾಡಿ" ಎಂದಷ್ಟೇ ಬೀಗರನ್ನು ಬೇಡಿದೆನು. ಅವರು ನಕ್ಕು, ನಡುಮನೆಯ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ತಾವೇ ಸರಿಸಿ ಸ್ಥಳ ಮಾಡಿಕೊಟ್ಟರು.