ಹಿಂದಿನ ಸೀಟಿನಿಂದ ಶುರು ಮಾಡಿ

ಕಾಪು
ನವೆಂಬರ್ 2025

ಕಾರ್ಕಳದ ಪ್ರೀತಿಯ ಗೆಳತಿಗೆ,

ನಿಮ್ಮ ಕಾಗದ ಸಿಕ್ಕಿತು. ಮನೆಗೆ ಮೊದಲ ಕಾರು ಬರುವ ಸಂಭ್ರಮ ಅದರ ತುಂಬ ಇತ್ತು. ಡಿಸೈರ್, ಪಂಚ್, ಎಕ್ಸ್‌ಟರ್ ಎಂದು ಮೂರು ಹೆಸರು ಬರೆದಿದ್ದೀರಿ. ವಿಡಿಯೋಗಳನ್ನೆಲ್ಲ ಫೋನಿನಲ್ಲಿ ನೋಡಿ ಮುಗಿಸಿದ್ದೇನೆ, ಇನ್ನು ವಾಹನ ಮೇಳ ನೋಡಲಿಕ್ಕೆಂದು ಮಣಿಪಾಲದವರೆಗೆ ಬರಬೇಕಾ ಎಂದೂ ಕೇಳಿದ್ದೀರಿ. ಬರಬೇಕು. ಒಬ್ಬರೇ ಅಲ್ಲ, ಮಂಡಿನೋವು ಎಂದು ಬರೆದಿದ್ದೀರಲ್ಲ, ಆ ಮಾವನವರನ್ನೂ ಕರೆದುಕೊಂಡು ಬರಬೇಕು. ಕಾರಿನಲ್ಲಿ ಕೂರುವವರು ಯಾರೋ ಅವರೇ ಕೂತು ನೋಡಬೇಕೆನ್ನುವುದನ್ನು ಬಿಟ್ಟರೆ ನನ್ನ ಹತ್ತಿರ ದೊಡ್ಡ ಸಲಹೆ ಇಲ್ಲ. ಉಳಿದದ್ದೆಲ್ಲ ಅದರ ಹಿಂದೆ ಬರುವ ವಿಷಯ.

ದೆಹಲಿಯ ಆಟೋ ಎಕ್ಸ್‌ಪೋದ ಸುದ್ದಿಯನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಅದು 1986ರಲ್ಲಿ ಪ್ರಗತಿ ಮೈದಾನದಲ್ಲಿ ಶುರುವಾದದ್ದು. 2008ರ ಜನವರಿಯಲ್ಲಿ ರತನ್ ಟಾಟಾ ನ್ಯಾನೋ ಕಾರನ್ನು ಲೋಕಕ್ಕೆ ತೋರಿಸಿದ್ದೂ ಅಲ್ಲೇ. ನಡುವೆ ಕೆಲವು ವರ್ಷ ದೆಹಲಿಯ ಹೊರಗೆ ನಡೆದು, 2025ರ ಜನವರಿಯಲ್ಲಿ ಭಾರತ್ ಮೊಬಿಲಿಟಿ ಎಂಬ ದೊಡ್ಡ ಹೆಸರಿನಡಿ ಅದು ಮತ್ತೆ ದೆಹಲಿಗೆ ಮರಳಿತು. ಕ್ರೆಟಾ ಎಲೆಕ್ಟ್ರಿಕ್ ಬಿಡುಗಡೆಯಾದದ್ದು ಆಗಲೇ. ಅಂಥ ಕಡೆ ಒಳ್ಳೊಳ್ಳೆಯ ಕಾರುಗಳೆಲ್ಲ ವೇದಿಕೆಯ ಮೇಲೆ ಇರುತ್ತವೆ, ನಾವು ಕೆಳಗೆ ನಿಂತು ಫೋಟೋ ತೆಗೆಯಬೇಕು. ನಮ್ಮ ಜಿಲ್ಲೆಯ ಮೇಳ ಹಾಗಲ್ಲ. ಡೀಲರುಗಳೂ ಬ್ಯಾಂಕಿನವರೂ ಸೇರಿ ಒಂದು ಮೈದಾನದಲ್ಲಿ ಶಾಮಿಯಾನ ಹಾಕುತ್ತಾರೆ, ಕಾರುಗಳು ನೆಲದ ಮೇಲೇ ಸಾಲಾಗಿ ನಿಂತಿರುತ್ತವೆ, ಬಾಗಿಲು ತೆರೆದೇ ಇರುತ್ತದೆ. ಹೆದ್ದಾರಿ ಬದಿಯ ಶೋರೂಮ್‌ಗಳಲ್ಲೂ ಕೂತು ನೋಡಬಹುದು, ನಿಜ. ಆದರೆ ಇವತ್ತೊಂದು ಶೋರೂಮ್, ಮುಂದಿನ ವಾರ ಇನ್ನೊಂದು ಎಂದಾಗ ಮೊದಲ ಸೀಟು ಹೇಗಿತ್ತೆಂಬುದು ಮೈಗೆ ಮರೆತುಹೋಗುತ್ತದೆ. ಮೇಳದಲ್ಲಿ ಒಂದರಿಂದ ಇಳಿದು ಹತ್ತು ಹೆಜ್ಜೆ ನಡೆದರೆ ಇನ್ನೊಂದು. ಅದೇ ಬೆನ್ನು, ಅದೇ ಮಂಡಿ, ಅದೇ ಹೊತ್ತು. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಅನುಕೂಲ ಬೇರೆ ಎಲ್ಲಿದೆ?

ಈಚೆಗೆ ನಾನು ಮೇಳಕ್ಕೆ ಹೋದಾಗ ಅಮ್ಮನೂ ಜೊತೆಗಿದ್ದರು. ಸೀರೆ ಉಡುವವರು, ಎಡಗಾಲು ಮಡಚಲು ಕಷ್ಟಪಡುವವರು. ಸೇಲ್ಸ್‌ನ ಹುಡುಗ ಬಹಳ ಮರ್ಯಾದೆಯಿಂದ ಮುಂದಿನ ಬಾಗಿಲು ತೆರೆದ. ನಾನು ಹಿಂದಿನದನ್ನು ತೆರೆಸಿದೆ. ಡಿಸೈರ್‌ನಲ್ಲಿ ಅಮ್ಮ ಮೊದಲು ಬೆನ್ನು ತಿರುಗಿಸಿ, ಬಾಗಿಲಿನ ಅಂಚು ಹಿಡಿದು, ಕೆಳಗಿಳಿದಂತೆ ಕೂತರು. ಕೂತ ಮೇಲೆ ಆರಾಮವಾಗಿತ್ತು, ಕಾಲು ಚಾಚಲು ಧಾರಾಳ ಜಾಗವಿತ್ತು. ಏಳುವಾಗ ಮಾತ್ರ ನನ್ನ ಕೈ ಬೇಕಾಯಿತು. ಪಂಚ್‌ನ ಬಾಗಿಲು ಪೂರ್ತಿ 90 ಡಿಗ್ರಿ ತೆರೆದುಕೊಳ್ಳುತ್ತದೆ, ಸೀಟು ಎತ್ತರದಲ್ಲಿದೆ. ಅಮ್ಮ ಸೊಂಟವನ್ನು ಹಾಗೇ ಬದಿಗೆ ಸರಿಸಿ ಕೂತರು, ಇಳಿಯುವಾಗ ಎರಡೂ ಕಾಲು ಒಟ್ಟಿಗೆ ನೆಲಕ್ಕೆ ಮುಟ್ಟಿತು. ಎಕ್ಸ್‌ಟರ್‌ನಲ್ಲೂ ಹೆಚ್ಚು ಕಡಿಮೆ ಇದೇ ಅನುಭವ. ಆಮೇಲೆ ಪಕ್ಕದ ಸ್ಟಾಲಿನಲ್ಲಿದ್ದ ದೊಡ್ಡ ಗಾಡಿಗೆ ಹತ್ತಲು ಹೋದರೆ ಸೀರೆಯ ನೆರಿಗೆ ಫುಟ್‌ಬೋರ್ಡಿಗೆ ಸಿಕ್ಕಿತು; "ಇದು ಬಸ್ಸು ಮಾರಾಯ್ತಿ" ಎಂದು ಇಳಿದುಬಿಟ್ಟರು. ಇಷ್ಟು ನೋಡಲು ಕಾಲು ಗಂಟೆಯೂ ಹಿಡಿಯಲಿಲ್ಲ. ಯಾವ ವಿಡಿಯೋವೂ ಇದನ್ನು ನನಗೆ ಹೇಳಿರಲಿಲ್ಲ, ಏಕೆಂದರೆ ವಿಡಿಯೋ ಮಾಡುವವರ ಮಂಡಿಗೆ ಇನ್ನೂ ವಯಸ್ಸಾಗಿಲ್ಲ.

ಹಿಂದೆ ಮೂವರು ಒಟ್ಟಿಗೆ ಕೂತು ನೋಡುವುದನ್ನೂ ಬಿಡಬೇಡಿ. ಅತ್ತೂರು ಜಾತ್ರೆಗೋ ಮದುವೆಗೋ ಹೊರಟಾಗ ನಿಮ್ಮ ಮನೆಯಲ್ಲಿ ಹಿಂದಿನ ಸೀಟಿಗೆ ಮೂವರು ಬರುವುದು ಖಚಿತ. ಈ ಮೂರೂ ಕಾರುಗಳು ನಾಲ್ಕು ಮೀಟರಿನೊಳಗಿನವು. ಡಿಸೈರ್‌ನ ಉದ್ದ ಸರಿಯಾಗಿ 3,995 ಮಿಲಿಮೀಟರ್. ಅದು ತೆರಿಗೆಗಾಗಿ ಕತ್ತರಿಸಿದ ಉದ್ದ. ಅಗಲದಲ್ಲೂ ಮೂವರು ದೊಡ್ಡವರಿಗೆ ಯಾವುದರಲ್ಲೂ ವಿಶಾಲವಾದ ಜಾಗವಿಲ್ಲ. ನಡುವೆ ಕೂರುವವರಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ, ತಲೆ ಆನಿಸಲು ಏನಾದರೂ ಇದೆಯೇ ಎಂದು ಎಳೆದು, ಮುಟ್ಟಿ ನೋಡಿ.

ಇನ್ನೊಂದು ಮಾತು. ಮೇಳದಲ್ಲಿ ನಿಲ್ಲಿಸುವ ಕಾರು ಸಾಮಾನ್ಯವಾಗಿ ಟಾಪ್ ಮಾಡೆಲ್. ನಿಮ್ಮ ಬಜೆಟ್ಟಿನದು ನಡುವಿನ ಮಾಡೆಲ್. ಸನ್‌ರೂಫ್, ದೊಡ್ಡ ಸ್ಕ್ರೀನ್, ಅಲಾಯ್ ಚಕ್ರ ಇವೆಲ್ಲ ಅದರಲ್ಲಿ ಇರಲಿಕ್ಕಿಲ್ಲ. ಅವು ಇಲ್ಲದಿದ್ದರೂ ನಡೆಯುತ್ತದೆ. ಹಿಂದಿನ ಗಾಜಿಗೆ ವೈಪರ್ ಮತ್ತು ಡೀಫಾಗರ್, ಹಿಂದಿನವರಿಗೆ ಎಸಿ ಗಾಳಿಯ ಕಿಂಡಿ ಇಲ್ಲದಿದ್ದರೆ ನಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಹಿಂದಿನ ಗಾಜು ಕಾಣದೆ ಗೇಟಿನಿಂದ ರಿವರ್ಸ್ ತೆಗೆಯುವ ಪಾಡು ನಿಮಗೆ ಬೇಡ. ನೀವು ಕೊಳ್ಳುವ ಮಾಡೆಲಿನ ಹೆಸರು ಹೇಳಿ, ಪಟ್ಟಿಯಲ್ಲಿ ಅದರ ಕಾಲಮ್ಮಿಗೆ ಬೆರಳಿಟ್ಟು ಓದಿಸಿ.

ಮೇಳದಲ್ಲಿ ನನಗೆ ಬಹಳ ಹಿಡಿಸಿದ್ದು ಒಬ್ಬ ಹಿರಿಯರು ಕಾರು ನೋಡುತ್ತಿದ್ದ ರೀತಿ. ಮಲ್ಪೆಯ ಕಡೆಯವರು, ಮೀನಿನ ವ್ಯವಹಾರದವರು ಎಂದು ಮಾತಿನಿಂದ ತಿಳಿಯಿತು. ಬಣ್ಣವನ್ನಾಗಲಿ ಸ್ಕ್ರೀನನ್ನಾಗಲಿ ನೋಡಲಿಲ್ಲ. ಮುಂಡು ಎತ್ತಿ ಕಟ್ಟಿ, ಕುಕ್ಕರುಗಾಲಿನಲ್ಲಿ ಕೂತು, ಮೊಬೈಲಿನ ಟಾರ್ಚ್ ಹಾಕಿ ಚಕ್ರದ ಮೇಲಿನ ಗೂಡಿನೊಳಗೆ ಬೆರಳಾಡಿಸಿದರು. ಪ್ಲಾಸ್ಟಿಕ್ ಹೊದಿಕೆ ಎಲ್ಲಿವರೆಗೆ ಇದೆ, ಎಲ್ಲಿ ಬರೀ ತಗಡು ಶುರುವಾಗುತ್ತದೆ, ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿದುಹೋಗುವ ತೂತು ಇದೆಯೇ, ಇಷ್ಟನ್ನೇ ನೋಡಿದ್ದು. ಉಪ್ಪುಗಾಳಿಯಲ್ಲಿ ಬದುಕಿದವರಿಗೆ ತುಕ್ಕು ಎಲ್ಲಿಂದ ಹತ್ತುತ್ತದೆಂದು ಗೊತ್ತು. ನಮ್ಮ ಕಾಪುವಿನಲ್ಲಿ ದೀಪಸ್ತಂಭದ ಹತ್ತಿರದ ಮನೆಗಳಲ್ಲಿ ಕಿಟಕಿಯ ಸರಳೇ ಉಳಿಯುವುದಿಲ್ಲ, ಕಾರಿನ ಮಾತೇಕೆ! ನೀವು ಒಳನಾಡಿನವರು, ಉಪ್ಪಿನ ಭಯ ಕಡಿಮೆ. ಆದರೂ ಮಳೆಗಾಲದ ಕೆಂಪು ಕೆಸರು ಅದೇ ಮೂಲೆಗಳಲ್ಲಿ ಕೂತು ತಿಂಗಳುಗಟ್ಟಲೆ ಒದ್ದೆಯಾಗಿರುತ್ತದೆ. ಅಡಿಗೆ ಕೋಟಿಂಗ್ ಮಾಡಿಸುವ ಮೊದಲು ಕಂಪನಿಯಿಂದಲೇ ಏನೇನು ಬಂದಿದೆ ಎಂದು ಕೇಳಿ.

ನೆಲದಿಂದ ಕಾರಿನ ಅಡಿಯವರೆಗಿನ ಎತ್ತರ ಪಂಚ್‌ನದು 187 ಮಿಲಿಮೀಟರ್, ಎಕ್ಸ್‌ಟರ್‌ನದು 185, ಡಿಸೈರ್‌ನದು 163. ಟಾರು ರಸ್ತೆಯಲ್ಲೇ ಓಡಾಡುವವರಿಗೆ ಈ ವ್ಯತ್ಯಾಸ ದೊಡ್ಡದಲ್ಲ. ನಿಮ್ಮ ಮನೆಗೆ ರಸ್ತೆಯಿಂದ ಕೆಂಪುಕಲ್ಲಿನ ಏರು ಇದೆ ಎಂದಿದ್ದೀರಿ. ಐದು ಜನ ಕೂತು ಡಿಕ್ಕಿ ತುಂಬಿದಾಗ ಕಾರು ಇನ್ನಷ್ಟು ಕೆಳಗೆ ಕೂರುತ್ತದೆ, ಆಗ ಎರಡು ಸೆಂಟಿಮೀಟರಿಗೂ ಬೆಲೆಯಿದೆ. ಮಣಿಪಾಲಕ್ಕೆ ಹೊರಡುವ ಮೊದಲು ಮನೆಯ ಗೇಟಿನ ಅಗಲವನ್ನೂ ಮೋರಿಯ ತಿರುವನ್ನೂ ಟೇಪಿನಲ್ಲಿ ಅಳೆದು ಬರೆದುಕೊಂಡು ಬನ್ನಿ.

ಡಿಕ್ಕಿಯ ಲೀಟರ್ ಲೆಕ್ಕವನ್ನು ನಾನು ಅಷ್ಟು ನಂಬುವುದಿಲ್ಲ. ಎಕ್ಸ್‌ಟರ್ 391, ಡಿಸೈರ್ 382, ಪಂಚ್ 366 ಎಂದು ಪಟ್ಟಿ ಹೇಳುತ್ತದೆ. ಆದರೆ ಡಿಸೈರ್‌ನ ಡಿಕ್ಕಿ ಉದ್ದಕ್ಕೆ ಹೋಗುತ್ತದೆ, ಬಾಯಿ ಕಿರಿದು. ಉಳಿದೆರಡು ಎತ್ತರಕ್ಕೆ ಹೋಗುತ್ತವೆ, ಹಿಂದಿನ ಸೀಟು ಮಡಚಿದರೆ ತೆಂಗಿನಕಾಯಿಯ ಗೋಣಿ ನಿಲ್ಲಿಸಿಯೇ ಒಯ್ಯಬಹುದು. ಸಿಎನ್‌ಜಿ ತೆಗೆದುಕೊಳ್ಳುವ ಯೋಚನೆ ಇದ್ದರೆ ಅದೇ ಮಾಡೆಲಿನ ಡಿಕ್ಕಿಯನ್ನು ತೆರೆಸಿ ನೋಡಲೇಬೇಕು. ಪಂಚ್‌ನ ಟಾಟಾದವರು 2023ರಿಂದ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕದನ್ನು ಅಡಿಯಲ್ಲಿ ಮಲಗಿಸಿ ಜಾಗ ಉಳಿಸಿದರು; ಎಕ್ಸ್‌ಟರ್‌ನ ಹುಂಡೈಯವರೂ ಆಮೇಲೆ ಅದೇ ದಾರಿ ಹಿಡಿದರು. ಕಾರ್ಪೆಟ್ ಎತ್ತಿ ಸ್ಟೆಪ್ನಿ ಎಲ್ಲಿದೆ ಎಂದೂ ನೋಡಿ. ಕುದುರೆಮುಖದ ಕಾಡುದಾರಿಯಲ್ಲಿ ಶೃಂಗೇರಿಗೆ ಹೋಗುವ ನಿಮಗೆ ಅದಿಲ್ಲದೆ ಆಗದು.

ಸುರಕ್ಷತೆಯ ವಿಷಯದಲ್ಲಿ ನಾನು ಚೌಕಾಸಿ ಒಪ್ಪುವುದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ದೇಶದ ಐದು ಜನಪ್ರಿಯ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾಡೆಲುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಬಂತು. ನಾಲ್ಕೇ ವರ್ಷದಲ್ಲಿ, 2018ರಲ್ಲಿ, ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು. ಪಂಚ್ 2021ರಲ್ಲಿ ಐದು ಪಡೆಯಿತು, ಹೊಸ ಡಿಸೈರ್ 2024ರಲ್ಲಿ. ಎಕ್ಸ್‌ಟರ್‌ನಲ್ಲಿ ಆರು ಏರ್‌ಬ್ಯಾಗ್ ಎಲ್ಲ ಮಾಡೆಲಿಗೂ ಇದೆ. 2023ರ ಅಕ್ಟೋಬರ್‌ನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ದೊಡ್ಡವರ ಅಂಕ ಬೇರೆ, ಮಕ್ಕಳ ಅಂಕ ಬೇರೆ. ಚಿಕ್ಕ ಮಗುವಿರುವ ಮನೆಯವರು ಎರಡನೆಯದನ್ನೂ ಕೇಳಬೇಕು.

ಟೆಸ್ಟ್ ಡ್ರೈವ್‌ಗೆ ಸೇಲ್ಸ್‌ನವರು ಹೆದ್ದಾರಿಗೆ ಕರೆದೊಯ್ಯುತ್ತಾರೆ. ಸಮತಟ್ಟಾದ ರಸ್ತೆಯಲ್ಲಿ ಎಲ್ಲ ಕಾರೂ ಚೆಂದವೇ. ನೀವು ಪರ್ಕಳದ ಕಡೆಗೆ ಬಿಡಿಸಿ, ಏರಿನಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಿ. ಆಟೋಮ್ಯಾಟಿಕ್ ಎಂದು ಬರೆದಿದ್ದೀರಲ್ಲ, ಈ ಮೂರರಲ್ಲೂ ಇರುವುದು ಎಎಂಟಿ. ಒಳಗಿರುವುದು ಮಾಮೂಲಿ ಕ್ಲಚ್, ಗೇರುಗಳೇ. ಕಾಲಿನ ಬದಲು ಯಂತ್ರ ಒತ್ತುತ್ತದೆ ಅಷ್ಟೆ. ಅದಕ್ಕೇ ಏರಿನಲ್ಲಿ ಗೇರು ಬದಲಾಗುವಾಗ ಒಂದು ಜಗ್ಗು ಬರುತ್ತದೆ. ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ಬೈಲೂರು ದಾಟುವಷ್ಟರಲ್ಲಿ ತಲೆನೋವು. ಮಾವನವರು ಹಿಂದೆ ಕೂತಿರಲಿ, ಅವರ ಅಭಿಪ್ರಾಯವೂ ಸಿಗುತ್ತದೆ.

ಈಗ ದುಡ್ಡಿನ ಮಾತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದಿದೆ. ನಾಲ್ಕು ಮೀಟರಿನೊಳಗಿನ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳಿಗೆ ಶೇ. 28ರ ಮೇಲೆ ಸೆಸ್ ಇದ್ದದ್ದು ಈಗ ಶೇ. 18. ಹಳೆಯ ವಿಡಿಯೋಗಳಲ್ಲಿ ಕೇಳಿದ ಬೆಲೆಯನ್ನು ಮರೆತುಬಿಡಿ. ಎಕ್ಸ್-ಶೋರೂಮ್ ಬೆಲೆ ಹತ್ತು ಲಕ್ಷ ದಾಟಿದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ಶೇ. 14ರಿಂದ 17ಕ್ಕೆ ಏರುತ್ತದೆಂಬುದೂ ನೆನಪಿರಲಿ.

ಮೇಳದಲ್ಲಿ ಬ್ಯಾಂಕುಗಳ ಮೇಜು ಸಾಲಾಗಿ ಇರುತ್ತದೆ. ಅವನ್ನು ನೋಡುವಾಗೆಲ್ಲ ನನಗೆ ಈ ನೆಲದ ಬಗ್ಗೆ ಅಭಿಮಾನ ಉಕ್ಕುತ್ತದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ 1928ರಲ್ಲೇ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡಿತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ವಾಮನ ಕುಡ್ವರೇ ಮಂಗಳೂರಿನಲ್ಲಿ ಕೆನರಾ ವರ್ಕ್‌ಶಾಪ್ಸ್ ಮೂಲಕ ವಾಹನಗಳ ಲೀಫ್ ಸ್ಪ್ರಿಂಗ್ ತಯಾರಿಸಿದವರು. ಉಳಿತಾಯವೂ ಗಾಡಿಯೂ ನಮ್ಮ ಕರಾವಳಿಯಲ್ಲಿ ಒಂದೇ ಕೈಯಿಂದ ಬೆಳೆದವು. ಆದ್ದರಿಂದ ಸಾಲದ ಮೇಜಿನ ಮುಂದೆ ಸಂಕೋಚ ಬೇಡ, ಲೆಕ್ಕ ಕೇಳಿ. ಏಳು ಲಕ್ಷಕ್ಕೆ ಶೇ. 9ರ ಬಡ್ಡಿ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕಾದರೆ ಕಂತು ಸುಮಾರು 14,530 ರೂಪಾಯಿ, ಏಳು ವರ್ಷಕ್ಕೆ 11,260. ಎರಡನೆಯದು ಹಗುರ ಎನಿಸುತ್ತದೆ, ಆದರೆ ಕೊನೆಗೆ ಹೆಚ್ಚುವರಿಯಾಗಿ ಕಟ್ಟುವ ಬಡ್ಡಿ 74,000 ರೂಪಾಯಿಯಷ್ಟು.

ವಿಮೆಯಲ್ಲಿ ಉಳಿಸಲು ಹೋಗಿ ಎಂಜಿನ್ ಪ್ರೊಟೆಕ್ಷನ್ ಮಾತ್ರ ಬಿಡಬೇಡಿ. 2020ರ ಸೆಪ್ಟೆಂಬರ್ 20ರ ನೆರೆ ನಿಮಗೆ ನೆನಪಿರಬೇಕು, ಉಡುಪಿಯ ತಗ್ಗು ಪ್ರದೇಶಗಳಲ್ಲಿ ರಾತ್ರಿ ಬೆಳಗಾಗುವುದರೊಳಗೆ ಅಂಗಳಕ್ಕೆ ನೀರು ಬಂತು. ನೀರು ನುಗ್ಗಿದ ಕಾರಿಗೆ ಸೆಲ್ಫ್ ಹೊಡೆದರೆ ಎಂಜಿನ್ ಒಳಕ್ಕೆ ನೀರನ್ನು ಎಳೆದುಕೊಳ್ಳುತ್ತದೆ; ಗಾಳಿಯ ಹಾಗೆ ನೀರು ಅದುಮಿಕೊಳ್ಳುವುದಿಲ್ಲ, ಒಳಗಿನ ರಾಡೇ ಬಾಗುತ್ತದೆ. ಸಾಮಾನ್ಯ ಪಾಲಿಸಿಯಲ್ಲಿ ಆ ನಷ್ಟಕ್ಕೆ ಪರಿಹಾರ ಸಿಗುವುದು ಕಷ್ಟ. ನೆರೆಯಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಬೇಕೆಂದು ಮನೆಯ ಎಲ್ಲರಿಗೂ ಹೇಳಿಡಿ.

ನನ್ನ ಒಲವು ಯಾವುದಕ್ಕೆಂದು ಕೇಳಿದ್ದೀರಿ. ಮಾವನವರ ಮಂಡಿ ಮತ್ತು ನಿಮ್ಮ ಮನೆಯ ಏರು, ಇವೆರಡನ್ನೇ ಇಟ್ಟು ಹೇಳುವುದಾದರೆ ಪಂಚ್ ಅಥವಾ ಎಕ್ಸ್‌ಟರ್. ಡಿಸೈರ್ ಒಳ್ಳೆಯ ಕಾರು, ಮಂಗಳೂರಿಗೆ ದಿನವೂ ಹೋಗಿಬರುವವರಾಗಿದ್ದರೆ ಅದನ್ನೇ ಹೇಳುತ್ತಿದ್ದೆ. ಎರಡರಲ್ಲಿ ಯಾವುದೆಂದು ಮಾವನವರು ಕೂತು ಎದ್ದು ತೀರ್ಮಾನಿಸಲಿ. ಭಾನುವಾರ ಬೆಳಿಗ್ಗೆ ಬೇಗ ಬನ್ನಿ, ಹನ್ನೊಂದರ ಮೇಲೆ ಜನ ಸೇರಿದರೆ ಸೀಟಿನಲ್ಲಿ ಸಮಾಧಾನವಾಗಿ ಕೂರಲು ಬಿಡುವುದಿಲ್ಲ. ಆ ದಿನವೇ ಬುಕಿಂಗ್ ದುಡ್ಡು ಕೊಡಬೇಡಿ. ಎರಡೂ ಕಡೆಯಿಂದ ಆನ್-ರೋಡ್ ಕೊಟೇಶನ್ ಬರೆಸಿಕೊಂಡು ಅದರ ಫೋಟೋ ನನಗೆ ಕಳಿಸಿ. ಆಕ್ಸೆಸರಿ, ಹ್ಯಾಂಡ್ಲಿಂಗ್ ಚಾರ್ಜ್ ಎಂದು ಯಾವ ಯಾವ ಸಾಲು ಸೇರಿಸಿದ್ದಾರೆ, ಯಾವುದನ್ನು ತೆಗೆಸಬಹುದು ಎಂದು ಕೂತು ನೋಡಿ ಫೋನ್ ಮಾಡುತ್ತೇನೆ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ.

ಪ್ರೀತಿಯಿಂದ,
ನಿಮ್ಮ ಕಾಪುವಿನ ಗೆಳತಿ